ಭೀಮಾತೀರದ ಮಾಳಿಗೆಗಳೂ ಮಳೆನೀರಿನ ಸೋರಿಕೆಯೂ

ಕನ್ನಡದಲ್ಲಿ ದೋಣಿಯೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಹೊಳೆಯನ್ನು ದಾಟಿಸತಕ್ಕ ಮರದ ವಾಹನವು ಒಂದು. ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ಗೋಡೆಗೆ ತಾಗಗೊಡದೆ ದೂರಕ್ಕೆ ಚೆಲ್ಲತಕ್ಕ ಕಲ್ಲಿನ ಇಲ್ಲವೆ ಮರದ ಕಾಲುವೆಯು ಮತ್ತೊಂದು. ಎರಡಕ್ಕೂ ಮೂಲವು ಸಂಸ್ಕೃತದ ದ್ರೋಣೀ ಶಬ್ದವೇ ಆಗಿರುತ್ತದೆ. ತೋಡಿದ ಮರಿಗೆಯ ಆಕಾರವುಳ್ಳದ್ದು ಯಾವುದಿದ್ದರೂ ಅದು ದ್ರೋಣಿಯೆನಿಸುವುದರಿಂದ, ಹಡಗು ಕಟ್ಟುವವನಿಗೂ ಮನೆ ಕಟ್ಟುವವನಿಗೂ ಈ ಒಂದು ಹೆಸರು ಸಮಾನವಾಗಿ ಸಂದಿತು. ಹೆಸರು ಮಾತ್ರವೇ ಅಲ್ಲದೆ ಇವರಿಬ್ಬರ ಚಿಂತೆಯೂ ಸಮಾನವೆಂಬುದು ಮುಂದೆ ವಾಚಕರಿಗೆ ತಿಳಿದುಬರುವುದು.

ಅಫಜಲಪುರದ ಸೀಮೆಯಲ್ಲಿ ಹೊಳೆಯ ದೋಣಿಗಳು ಯಾವ ಕಾಲಕ್ಕೂ ವಿರಳವೇ. ಭೀಮೆಯಂಥ ನದಿಗಳನ್ನು ದಾಟಲು ಈ ನಾಡಿನವರು ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿದ ಹರಿಗೋಲನ್ನೇ ನೆಚ್ಚಿದ್ದರು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಇವುಗಳನ್ನು ಕಂಡು, ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ಹಿಡಿಸುವರೆಂದೂ ನೀರಿನಲ್ಲಿ ಇವು ಸುತ್ತುತ್ತಲೇ ಸಾಗುವವೆಂದೂ ಬರೆದಿಟ್ಟಿದ್ದಾನೆ. ಆದರೆ ಮನೆಯ ದೋಣಿಯು ಇಲ್ಲಿ ಊರೂರಿಗೆ ನೂರಾರು. ಏಕೆಂದರೆ ಈ ಸೀಮೆಯು ಹಂಚಿನ ಇಳಿಜಾರು ಸೂರಿನ ನಾಡಲ್ಲ; ಮಣ್ಣಿನ ಮಟ್ಟಸ ಮಾಳಿಗೆಯ ನಾಡು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆ ಕಲಬುರಗಿ ಜಿಲ್ಲೆಯಲ್ಲಿ ಏಳೆಂಟು ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುವ ಇಲ್ಲಿ ಒಂದು ಮೊಳ ದಪ್ಪದ ಮಣ್ಣಿನ ಹೊದಿಕೆಗಿಂತ ತಂಪಾದ ನೆರಳು ಬೇರೊಂದಿಲ್ಲ. ಹಾಗೆಂದು ಮಳೆ ಕಡಿಮೆಯಾದ್ದರಿಂದ ಸೋರಿಕೆಯೂ ಕಡಿಮೆಯೆಂದು ಎಣಿಸಲಾಗದು. ಹುಬ್ಬಾ, ಉತ್ತರಾ, ಹಸ್ತಾ ಮಳೆಗಳು ಒಂದೇ ರಾತ್ರಿಯಲ್ಲಿ ತಿಂಗಳ ಲೆಕ್ಕವನ್ನು ತೀರಿಸಿಬಿಡುವುದುಂಟು. ಅದಕ್ಕೆ ಮುಂಚಿನ ನಾಲ್ಕು ತಿಂಗಳ ಬಿಸಿಲಿನಲ್ಲಿ ಬಿರಿದ ಮಾಳಿಗೆಗೆ ಆ ರಾತ್ರಿಯೇ ಪರೀಕ್ಷೆ.

ಈ ಮಾಳಿಗೆಗೆ ಮೇಲ್ಮುದ್ದೆಯೆಂದೂ ಹೆಸರುಂಟು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಜಂತಿಗಳ ಮೇಲೆ ಅನುಕೂಲವಂತರಾದರೆ ಹಲಗೆ, ಇಲ್ಲದವರಿಗೆ ತೊಗರಿಯ ಕಟ್ಟಿಗೆ ಅಥವಾ ಜಾಲಿಯ ಟೊಂಗೆ. ಅದರ ಮೇಲೆ ಹುಳು ಹತ್ತದಂತೆ ಬೇವಿನ ಸೊಪ್ಪನ್ನು ಹರಡಿ, ಕಲಸಿದ ಮಣ್ಣನ್ನು ಮೆತ್ತಿ, ಕಟ್ಟಕಡೆಗೆ ಬಿಳಿಯ ಸವುಳು ಮಣ್ಣಿನ ಪದರವನ್ನು ಹಾಸಿ ತುಳಿಯುತ್ತಾರೆ. ಮಟ್ಟಸವೆಂದು ಕಂಡರೂ ಮೇಲ್ಮೈಯು ದೋಣಿಯ ಕಡೆಗೆ ತುಸು ವಾಲಿರುತ್ತದೆ. ಸುತ್ತ ಕುಂಬಿಯ ಗೋಡೆ, ನಡುವೆ ಅಡಿಗೆಮನೆಯ ಹೊಗೆಗೂ ಬೆಳಕಿಗೂ ಒಂದು ಬೆಳಕಿಂಡಿ.

ಮೇಲಿನ ಪದರಕ್ಕೆ ಬಿಳಿಯ ಮಣ್ಣೇ ಏಕೆಂಬುದು ವಿಚಾರಯೋಗ್ಯವಾದ ಸಂಗತಿ. ಊರ ಸುತ್ತ ಎಲ್ಲೆಲ್ಲಿಯೂ ಎರೆಮಣ್ಣು ಯಥೇಚ್ಛವಾಗಿದ್ದರೂ ಅದನ್ನು ಮಾಳಿಗೆಯ ಮೇಲೆ ಯಾರೂ ಏರಿಸರು. ಎರೆಯು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕೈ ತೂರುವಷ್ಟು ಬಿರಿಯುವ ಸ್ವಭಾವದ್ದು. ಸವುಳು ಮಣ್ಣಿನಲ್ಲಿಯಾದರೋ ಸೋಡಿಯಮ್ ಲವಣವು ಸೇರಿರುವುದರಿಂದ, ನೀರು ಬಿದ್ದೊಡನೆ ಜೇಡಿಯ ಅತಿ ಸೂಕ್ಷ್ಮ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ರಂಧ್ರಗಳಲ್ಲಿ ಕೂತು ಅವುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆಯನ್ನು ಕೆಡಿಸುವ ಗುಣವು ಮಾಳಿಗೆಯ ಮೇಲೆ ಮನೆಯನ್ನು ಕಾಯುತ್ತದೆ. ರಸಾಯನಶಾಸ್ತ್ರವು ಇದರ ಕಾರಣವನ್ನು ಹೇಳುವುದಕ್ಕಿಂತ ಎಷ್ಟೋ ಶತಮಾನಗಳ ಮೊದಲೇ ಒಕ್ಕಲಿಗನು ಅದರ ಕಾರ್ಯವನ್ನು ಕಂಡುಕೊಂಡಿದ್ದನು. ನೆರೆಯ ಮರಾಠಿ ಸೀಮೆಯಲ್ಲಿ ಉಳುವ ನೆಲಕ್ಕೆ ಕಾಳಿಯೆಂದೂ ಊರ ನೆಲಕ್ಕೆ ಪಾಂಢರಿಯೆಂದೂ ಹೆಸರಿಟ್ಟಿರುವುದು ಈ ಕರಿಬಿಳಿಯ ವಿವೇಕದಿಂದಲೇ.

ಇನ್ನು ಸೋರಿಕೆಯನ್ನು ಹುಡುಕುವ ಬಗೆ. ಹನಿಯು ಬೀಳುವ ಸ್ಥಳದ ನೆತ್ತಿಯ ಮೇಲೆಯೇ ಬಿರುಕು ಇರುವುದೆಂದು ನಂಬುವುದು ಎಲ್ಲ ಮನೆಯವರೂ ಮಾಡುವ ಮೊದಲನೆಯ ತಪ್ಪು. ಮೇಲಿನ ಬಿರುಕಿನಲ್ಲಿ ಇಳಿದ ನೀರು ಮಣ್ಣನ್ನು ದಾಟಿ ಕಟ್ಟಿಗೆಯ ಪದರಕ್ಕೆ ಬಂದು, ಅಲ್ಲಿಂದ ಜಂತಿಯ ಇಳುಕಲನ್ನು ಹಿಡಿದು ನಾಲ್ಕೈದು ಮೊಳ ಹರಿದು, ಮರದ ಗಂಟನ್ನೋ ತೊಲೆಯ ಸಂದನ್ನೋ ಸೇರಿದ ಬಳಿಕ ಕೆಳಗೆ ತೊಟ್ಟಿಕ್ಕುತ್ತದೆ. ಪಡಸಾಲೆಯಲ್ಲಿ ಬಿದ್ದ ಹನಿಗೆ ದೇವರ ಕೋಣೆಯ ಮೇಲಿನ ಬಿರುಕು ಕಾರಣವಾಗಿರಬಹುದು. ಇದನ್ನರಿಯದವರು ಹನಿಯ ನೇರಕ್ಕೆ ಮೇಲೆ ಒಂದು ಬುಟ್ಟಿ ಮಣ್ಣು ಸುರಿದು, ಅದು ನಿಲ್ಲದಿರಲು ಇನ್ನೊಂದು ಬುಟ್ಟಿ ಸುರಿಯುತ್ತಾರೆ. ಒಳಗಿನಿಂದಲೇ ಸುಣ್ಣ ಮೆತ್ತುವವರೂ ಇಲ್ಲದಿಲ್ಲ. ಬಾಯಿ ಮುಚ್ಚಿದ ನೀರು ಬೇರೆ ದಾರಿಯನ್ನು ಹುಡುಕುವವರೆಗೂ ತೊಲೆಯಲ್ಲಿಯೇ ನಿಂತು ಅದನ್ನು ಕೊಳೆಸುತ್ತದೆಯಾದ್ದರಿಂದ, ಇದು ಸೋರಿಕೆಗಿಂತಲೂ ಕೇಡು.

ಬಲ್ಲ ಕೆಲಸಗಾರನ ಕ್ರಮವು ಬೇರೆ. ಅವನು ಮೊದಲು ಬಯಲನ್ನು ಬಿಟ್ಟು ಅಂಚುಗಳನ್ನು ನೋಡುತ್ತಾನೆ: ಕುಂಬಿಯು ಮಾಳಿಗೆಯನ್ನು ಕೂಡುವ ಮೂಲೆ, ಬೆಳಕಿಂಡಿಯ ಸುತ್ತಿನ ಕಟ್ಟೆ, ದೋಣಿಯ ಬುಡ, ಹಳೆಯ ಮನೆಗೆ ಹೊಸ ಅಂಕಣವನ್ನು ಜೋಡಿಸಿದ ಸಂದು. ಎರಡು ಬೇರೆ ವಸ್ತುಗಳು ಕೂಡಿದ ಕಡೆ ಬಿಸಿಲಿಗೆ ಒಂದೊಂದು ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬಿರುಕು ಅಲ್ಲಿಯೇ ಹುಟ್ಟುವುದು ಸಹಜ. ಆ ಮೇಲೆ ಇಲಿಯ ಬಿಲ, ಇರುವೆಯ ಗೂಡು, ಹಕ್ಕಿಯು ಉದುರಿಸಿದ ಬೀಜದಿಂದ ಮೊಳೆತ ಅರಳಿಯ ಸಸಿ. ಅರಳಿಯನ್ನು ಮೇಲೆ ಕಡಿದರೆ ಸಾಯದು. ಬೇರು ಗೋಡೆಯೊಳಗೆ ದಪ್ಪವಾಗುತ್ತಲೇ ಹೋಗುವುದು. ಇವಾವುವೂ ಕಾಣದಿದ್ದರೆ ಒಳಗಿನ ಜಂತಿಗಳಿಗೆ ಒಣ ಬೂದಿಯನ್ನೋ ಸುಣ್ಣದ ಪುಡಿಯನ್ನೋ ತೂರಿ, ಮುಂದಿನ ಮಳೆಯಲ್ಲಿ ಪುಡಿಯ ಮೇಲೆ ಮೂಡಿದ ಜಾಡನ್ನು ಹಿಮ್ಮೊಗವಾಗಿ ಹಿಡಿದು ಹೋಗಬೇಕು. ಮಳೆಯಿಲ್ಲದ ಕಾಲಕ್ಕೆ ಮಾಳಿಗೆಯ ಮೇಲೆ ಜೇಡಿಯ ಸಣ್ಣ ಕಟ್ಟೆಗಳನ್ನು ಕಟ್ಟಿ, ಒಂದೊಂದೇ ಮಡಿಗೆ ಕೊಡದಿಂದ ನೀರು ನಿಲ್ಲಿಸಿ, ಕೆಳಗೊಬ್ಬನು ದೀಪ ಹಿಡಿದು ಕಾಯಬೇಕು. ಈ ಪರೀಕ್ಷೆಯನ್ನು ದೋಣಿಯ ಕಡೆಯ ತಗ್ಗಿನಿಂದ ಆರಂಭಿಸಿ ಎತ್ತರಕ್ಕೆ ಸಾಗಿಸುವುದು ಮುಖ್ಯ. ಎತ್ತರದಲ್ಲಿ ಮೊದಲು ಸುರಿದರೆ ನೀರು ಎಲ್ಲ ಬಿರುಕುಗಳ ಮೇಲೂ ಹಾಯ್ದುಹೋಗಿ, ಒಳಕ್ಕೆ ಇಳಿದುದು ಯಾವುದರಿಂದ ಎಂಬುದು ಗೊತ್ತಾಗದೆ ಪರೀಕ್ಷೆಯು ವ್ಯರ್ಥವಾಗುವುದು. ಒಂದು ಮಡಿಗೆ ಒಂದು ಜಾವದ ಹೊತ್ತಾದರೂ ಕೊಡದವನಿಗೆ ಈ ಕೆಲಸವು ಸಾಧಿಸದು. ಮಣ್ಣಿನೊಳಗೆ ನೀರಿನ ನಡಿಗೆ ನಿಧಾನ.

ವಿಚಿತ್ರವೇನೆಂದರೆ, ಕಡಲನ್ನೇ ಕಾಣದ ಈ ಕೆಲಸಗಾರನ ಕ್ರಮವೂ ಹಡಗಿನ ಬಡಗಿಯ ಕ್ರಮವೂ ಒಂದೇ. ಹಳೆಯ ಮರದ ಹಡಗುಗಳಿಗೆ, ಈಚಿನ ಕಾಲದ ಯಂತ್ರದ ವಿಹಾರನೌಕೆಗಳಿಗೂ ಸಹ, ಕೆಳಗಿನ ಕಡಲ ನೀರಿಗಿಂತ ಮೇಲಿನಿಂದ ಇಳಿಯುವ ಮಳೆಯ ನೀರೇ ಹೆಚ್ಚಿನ ಶತ್ರು. ಉಪ್ಪುನೀರು ಮರವನ್ನು ಬಹುಮಟ್ಟಿಗೆ ಕಾಪಾಡುತ್ತದೆ, ಸಿಹಿನೀರು ಕೊಳೆಸುತ್ತದೆ. ಅಟ್ಟದ ಹಲಗೆಗಳು ಒಣಗಿ ಸಂದು ಬಿಡದಿರಲೆಂದು ಹಿಂದಿನ ನಾವಿಕರು ದಿನವೂ ಕಡಲ ನೀರಿನಿಂದ ಅದನ್ನು ತೊಳೆಯುತ್ತಿದ್ದರು. ಕಿಟಕಿಯ ಚೌಕಟ್ಟು, ಕಂಬದ ಬುಡ, ತಿರುಪುಮೊಳೆಯ ರಂಧ್ರ ಇವೇ ಅಲ್ಲಿಯೂ ಸಂಶಯದ ಸ್ಥಳಗಳು. ಒಳಹೊಕ್ಕ ನೀರು ಅಟ್ಟಕ್ಕೂ ಒಳಹೊದಿಕೆಗೂ ನಡುವೆ ತೊಲೆ ಹಿಡಿದು ಹರಿದು, ಮಲಗುವವನ ಹಾಸಿಗೆಯ ಮೇಲೆ ಬೀಳುತ್ತದೆ. ಅಲ್ಲಿಯೂ ಕೊಳವೆಯ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿಯೇ ಪರೀಕ್ಷಿಸುವುದು. ಪಶ್ಚಿಮ ಕರಾವಳಿಯ ಬಡಗಿಗಳು ಹಲಗೆಯ ಸಂದುಗಳಿಗೆ ಹತ್ತಿಯನ್ನೋ ತೆಂಗಿನ ನಾರನ್ನೋ ಗಿಡಿದು, ಧೂಪದ ಮರದ ರಾಳವನ್ನು ಎಣ್ಣೆಯೊಡನೆ ಕಾಸಿ ಬಳಿಯುತ್ತಿದ್ದರು.

ಈ ರಾಳದ ಪ್ರಸ್ತಾಪದಿಂದ ಶಾಸ್ತ್ರಗ್ರಂಥವೊಂದರ ನೆನಪು ಬರುತ್ತದೆ. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹಸಿಯ ತಿಂದುಕದ ಕಾಯಿ, ಬೇಲದ ಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಿ, ಅದಕ್ಕೆ ಗುಗ್ಗುಳ, ಭಲ್ಲಾತಕ, ಕುಂದುರುಕ, ಸರ್ಜರಸ, ಅಗಸೆ, ಬಿಲ್ವ ಮೊದಲಾದವುಗಳ ಕಲ್ಕವನ್ನು ಬೆರೆಸಿ, ಬಿಸಿಯಾಗಿರುವಾಗಲೇ ದೇವಾಲಯ, ಉಪ್ಪರಿಗೆ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕೆಂದು ವಿಧಿಸಿ, ಅದು ಕೋಟಿ ವರ್ಷ ನಿಲ್ಲುವುದೆಂದು ಫಲಶ್ರುತಿ ಹೇಳಿದ್ದಾನೆ. ಕೋಟಿ ವರ್ಷವೆಂಬುದನ್ನು ಜ್ಯೋತಿಷಿಯ ಉದಾರತೆಯೆಂದು ಬಿಟ್ಟರೂ, ದ್ರವ್ಯಗಳ ಆಯ್ಕೆ ಕುರುಡಲ್ಲ. ಸರ್ಜರಸವೆಂದರೆ ಹಡಗಿನವನ ರಾಳದ ಜಾತಿಯದೇ. ಅಗಸೆಯ ಎಣ್ಣೆಯು ಗಾಳಿಗೆ ಗಟ್ಟಿಯಾಗಿ ಪೊರೆಗಟ್ಟುವ ಗುಣವುಳ್ಳದ್ದು. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ವಜ್ರಲೇಪವೆಂಬ ಹೆಸರಿದೆ. ಆದರೆ ಅಲ್ಲಿ ಹೇಳಿರುವುದು ಕೋಣದ ತೊಗಲನ್ನು ಕುದಿಸಿ ತೆಗೆದ ಚಿತ್ರಕಾರನ ಸರೇಸು. ಹೆಸರು ಒಂದೆಂದು ಎರಡನ್ನೂ ಕಲೆಸಬಾರದು.

ಲೇಪವನ್ನು ನೆಚ್ಚದೆ ಕಲ್ಲಿನ ಜೋಡಣೆಯಿಂದಲೇ ಮಳೆಯನ್ನು ತಡೆದ ಶಿಲ್ಪಿಗಳೂ ಕನ್ನಡನಾಡಿನಲ್ಲಿದ್ದರು. ಐಹೊಳೆಯ ಲಾಡ್‌ಖಾನ್ ಗುಡಿಯ ಸೂರನ್ನು ನೋಡಿದವರಿಗೆ, ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಸಂದಿನ ಮೇಲೂ ಉದ್ದನೆಯ ಕಿರಿದಾದ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿರುವುದು ಕಾಣುವುದು. ಮರದ ಸೂರಿನಲ್ಲಿ ಹಲಗೆಯ ಸಂದಿಗೆ ರೀಪನ್ನು ಹೊಡೆಯುವ ಬಡಗಿಯ ಉಪಾಯವನ್ನೇ ಕಲ್ಲಿಗೆ ಇಳಿಸಿದಂತಿದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಚಪ್ಪಡಿಯ ಮೇಲೆ ಇಟ್ಟಿಗೆ ಗಾರೆಗಳ ಹೊದಿಕೆಯನ್ನು ಹಾಕುವುದು ಪದ್ಧತಿಯಾಯಿತು. ಅದರೊಡನೆ ವರ್ಷವರ್ಷದ ದುರಸ್ತಿಯೂ ಅನಿವಾರ್ಯವಾಯಿತು. ಆ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟಿರುವ ಉಕ್ತಿಯು ಮತ್ತೆ ಮತ್ತೆ ಬರುತ್ತದೆ. ಓದುವವರು ಇದನ್ನು ಸವೆದ ಪಾಠವೆಂದು ದಾಟಿಹೋಗುವುದು ವಾಡಿಕೆ. ವಸ್ತುತಃ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ಖರ್ಚಿಗೆ ಕಟ್ಟಿಸುವಾಗಲೇ ಶಾಶ್ವತವಾದ ಉತ್ಪನ್ನವನ್ನು ಗೊತ್ತುಮಾಡಿದ ಈ ಮುಂದಾಲೋಚನೆಯು, ಕಟ್ಟಡದ ಉದ್ಘಾಟನೆಯಾದೊಡನೆ ಲೆಕ್ಕವನ್ನು ಮುಗಿಸಿಬಿಡುವ ಈ ಕಾಲದವರಿಗೆ ನಾಚಿಕೆಯನ್ನು ತರತಕ್ಕದ್ದಾಗಿದೆ.

ಬಹಮನಿ ಅರಸರ ಕಾಲಕ್ಕೆ ಗಚ್ಚಿನ ಕೆಲಸವು ಪರಾಕಾಷ್ಠೆಗೆ ಏರಿತು. ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು ೧೩೬೭ರಲ್ಲಿ ಕಟ್ಟಲ್ಪಟ್ಟಿತು. ಅದರ ಶಾಸನದಲ್ಲಿ ಕಜ್ವೀನದ ರಫಿಯೆಂಬವನ ಹೆಸರಿದೆ. ಮಸೀದಿಗಳಿಗೆ ಸಾಮಾನ್ಯವಾಗಿರುವ ತೆರೆದ ಅಂಗಳವನ್ನು ಬಿಟ್ಟು, ೨೧೬ ಅಡಿ ಉದ್ದ ೧೭೬ ಅಡಿ ಅಗಲದ ಸ್ಥಳವನ್ನೆಲ್ಲ ಒಂದೇ ಸೂರಿನಡಿಗೆ ತಂದದ್ದು ಇದರ ವೈಶಿಷ್ಟ್ಯ. ಶಿಲ್ಪವಿಮರ್ಶಕರು ಇದರ ಕಮಾನುಗಳನ್ನು ಕೊಂಡಾಡುವರು. ಆದರೆ ಮಳೆಯ ದೃಷ್ಟಿಯಿಂದ ನೋಡಿದರೆ ಧೈರ್ಯವು ಮೇಲ್ಗಡೆಯೇ ಹೆಚ್ಚು. ಒಂದು ಗುಮ್ಮಟದ ಮೇಲೆ ನೀರು ನಿಲ್ಲದು. ಅರುವತ್ತಕ್ಕೂ ಮಿಕ್ಕ ಗುಮ್ಮಟಗಳನ್ನು ಒತ್ತೊತ್ತಾಗಿ ಕೂರಿಸಿದಾಗ ನಾಲ್ಕು ನಾಲ್ಕರ ನಡುವೆ ಒಂದೊಂದು ತಗ್ಗು ಹುಟ್ಟಿ, ಆ ತಗ್ಗಿನ ನೀರೆಲ್ಲಕ್ಕೂ ದಾರಿ ತೋರಿಸಬೇಕಾಗುವುದು. ಅದಕ್ಕೆ ಸಾಧನವು ಗಚ್ಚು. ಸುಣ್ಣವನ್ನೂ ಮರಳನ್ನೂ ಇಟ್ಟಿಗೆಯ ಸುರ್ಕಿಯನ್ನೂ ಎತ್ತುಗಳು ಎಳೆಯುವ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಬಿಲ್ವದ ಲೋಳೆಗಳನ್ನು ಸೇರಿಸಿ, ಹಾಸಿದ ಮೇಲೆ ಕೊಡತಿಗಳಿಂದ ದಿನಗಟ್ಟಲೆ ಬಡಿಯುವುದು ದಖ್ಖನದ ಪದ್ಧತಿ. ಗಚ್ಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ, ಇಳಿಯುವ ನೀರೇ ಸುಣ್ಣದ ಅಂಶವನ್ನು ಕರಗಿಸಿ ತಂದು ಆ ಬಿರುಕಿನಲ್ಲಿ ಮತ್ತೆ ಗಟ್ಟಿಯಾಗಿಸುತ್ತದೆ. ತನ್ನ ಗಾಯವನ್ನು ತಕ್ಕಮಟ್ಟಿಗೆ ತಾನೇ ಮಾಯಿಸಿಕೊಳ್ಳುವ ಈ ಗುಣವು ಸಿಮೆಂಟಿನಲ್ಲಿ ಅಷ್ಟಾಗಿ ಇಲ್ಲ.

ಸೂರು ಬಿದ್ದರೆ ನಷ್ಟವೇನೆಂಬುದಕ್ಕೆ ಭೀಮಾತೀರದಲ್ಲಿಯೇ ಒಂದು ನಿದರ್ಶನವಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಚಾವಣಿಯು ೧೯೮೬ರಲ್ಲಿ ಕುಸಿದು ವಿಗ್ರಹವು ಭಗ್ನವಾಯಿತು. ಜೀರ್ಣೋದ್ಧಾರದ ಸಮಯದಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀಲಿಪಿಯ ಪ್ರಾಕೃತ ಬರೆಹವು ಕಾಣಿಸಿ, ಅದು ಅಶೋಕನ ಶಾಸನವೆಂದು ಗೊತ್ತಾಯಿತು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಲೇಖವು ಹೀಗೆ ಬೆಳಕಿಗೆ ಬಂದುದು ಚರಿತ್ರೆಯ ಭಾಗ್ಯವೇ ಸರಿ. ಆದರೆ ಚಾವಣಿಗಳು ಬೀಳುವಾಗಲೆಲ್ಲ ಅಶೋಕನು ಸಿಕ್ಕುವನೆಂದು ಯಾರೂ ಕಾದುಕೂರಲಾಗದು. ಹೆಚ್ಚಿನ ಮನೆಗಳಲ್ಲಿ ಸಿಕ್ಕುವುದು ನೆನೆದು ಮೊಳೆತ ಜೋಳ, ಅಂಟಿಹೋದ ಓಲೆಯ ಕಟ್ಟು, ಅಕ್ಷರ ಅಳಿಸಿದ ಹೊಲದ ಕಾಗದ.

ಇದಕ್ಕಿಂತ ಭಯಂಕರವಾದ ನಷ್ಟವು ೧೯೯೩ರ ಸೆಪ್ಟೆಂಬರ್ ೩೦ರಂದು ಆಳಂದದ ಉತ್ತರಕ್ಕಿರುವ ಕಿಲ್ಲಾರಿಯ ಸೀಮೆಯಲ್ಲಿ ಆಯಿತು. ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದ ರಾತ್ರಿಯ ಕೊನೆಯಲ್ಲಿ, ಬೆಳಗಿನ ನಾಲ್ಕು ಗಂಟೆಗೆ ತುಸು ಮುಂಚೆ, ಭೂಮಿಯು ನಡುಗಿ ಎಂಟು ಸಾವಿರದಷ್ಟು ಮಂದಿ ಸತ್ತರು. ಭೂಕಂಪದ ಪ್ರಮಾಣವು ೬.೨ರ ಆಸುಪಾಸಿನದು, ಅಷ್ಟು ನಡುಕಕ್ಕೆ ಅಷ್ಟು ಸಾವು ಏಕೆಂದು ವಿಚಾರಿಸಿದ ತಜ್ಞರಿಗೆ ದೊರೆತ ಮುಖ್ಯ ಕಾರಣಗಳಲ್ಲಿ ಕಾಡುಗಲ್ಲಿನ ಗೋಡೆಯೂ ಅದರ ಮೇಲಿನ ಮಣ್ಣಿನ ಮಾಳಿಗೆಯೂ ಸೇರಿದ್ದವು. ಹತ್ತು ಅಡಿ ಚೌಕದ ಒಂದು ಕೋಣೆಯ ಲೆಕ್ಕವನ್ನು ಹಾಕಿ ನೋಡಬಹುದು. ಒಂದು ಅಡಿ ದಪ್ಪದ ಮಣ್ಣೆಂದರೆ ೧೦೦ ಘನ ಅಡಿ. ಘನ ಅಡಿಗೆ ೪೫ ಕಿಲೋಗ್ರಾಮಿನಂತೆ ಒಣಗಿದಾಗಲೇ ೪,೫೦೦ ಕಿಲೋಗ್ರಾಮು, ನೆನೆದಾಗ ಇನ್ನೂ ಹೆಚ್ಚು. ಸೋರಿತೆಂದು ವರ್ಷಕ್ಕೆ ಅರ್ಧ ಅಂಗುಲದಂತೆ ಮಣ್ಣನ್ನು ಏರಿಸಿದರೆ ಇಪ್ಪತ್ತನಾಲ್ಕು ವರ್ಷಕ್ಕೆ ಆ ಭಾರವು ಇಮ್ಮಡಿಯಾಗುವುದು. ಆ ಸೀಮೆಯಲ್ಲಿ ಎರಡು ಅಡಿಗೂ ಮಿಕ್ಕ ದಪ್ಪದ ಮಾಳಿಗೆಗಳಿದ್ದವು. ಹಿಂದಿನವರು ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸುತ್ತಿದ್ದ ಕಡೆಗಳಲ್ಲಿ ದಪ್ಪವು ಬೆಳೆಯುತ್ತಿರಲಿಲ್ಲ. ಇಳಿಸುವುದು ಏರಿಸುವುದಕ್ಕಿಂತ ಇಮ್ಮಡಿ ದುಡಿಮೆಯಾದ್ದರಿಂದ ಕ್ರಮೇಣ ಅರ್ಧ ಪದ್ಧತಿಯು ಬಿಟ್ಟುಹೋಗಿ ಅರ್ಧವೇ ಉಳಿಯಿತು. ಒಂದು ಬಿರುಕನ್ನು ಹುಡುಕುವ ತಾಳ್ಮೆಯಿಲ್ಲದೆ ಸುರಿದ ಬುಟ್ಟಿಗಳೇ ತಲೆಯ ಮೇಲೆ ಬಿದ್ದವೆಂದರೆ ಕಠೋರವಾದೀತು, ಸುಳ್ಳಾಗದು. ಆ ತರುವಾಯ ಹಳೆಯ ಮನೆಗಳನ್ನು ಉಳಿಸಿಕೊಳ್ಳಬಯಸಿದವರಿಗೆ, ಮಣ್ಣನ್ನು ಇಳಿಸಿ ತೆಳುವಾಗಿಸಬೇಕೆಂದೂ ನಡುವೆ ನೀರು ಹಾಯದ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಬೇಕೆಂದೂ ಎಂಜಿನಿಯರುಗಳು ತಿಳಿಸಿದರು. ಬಿಳಿಮಣ್ಣಿನ ಗುಣವನ್ನೂ ಹೊಸ ವಸ್ತುವಿನ ಗುಣವನ್ನೂ ಕೂಡಿಸಿದ ಈ ಸಲಹೆಯು ಯುಕ್ತವಾದದ್ದೇ.

ಸಿಮೆಂಟನ್ನೇ ಮಾಳಿಗೆಯ ಮೇಲೆ ಬಳಿದವರ ಪಾಡು ಬೇರೊಂದು ಬಗೆಯದು. ೧೮೨೪ರಲ್ಲಿ ಇಂಗ್ಲೆಂಡಿನ ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ೨೦ನೆಯ ಶತಮಾನದ ಮೊದಲರ್ಧದಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿಯೇ ಅದರ ಕಾರ್ಖಾನೆಯು ತಲೆಯೆತ್ತಿದ ಮೇಲೆ, ಮನೆಬಾಗಿಲಲ್ಲಿ ಸಿಕ್ಕುವ ವಸ್ತುವನ್ನು ಎಲ್ಲಕ್ಕೂ ಮದ್ದೆಂದು ಜನರು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಮರವೂ ಮಣ್ಣೂ ಋತುವಿಗೊಮ್ಮೆ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತವೆ. ಮೇಲಿನ ಬಿರುಸು ಸಿಮೆಂಟು ಅದಕ್ಕೆ ಒಗ್ಗದೆ ಸೀಳುತ್ತದೆ. ಸೀಳಿನಿಂದ ಇಳಿದ ನೀರು ಮೊದಲಿನಂತೆ ಬಿಸಿಲಿಗೆ ಆರಿಹೋಗಲು ದಾರಿಯಿಲ್ಲದೆ ಅಡಿಯಲ್ಲಿಯೇ ಉಳಿದು ಜಂತಿಯ ತಲೆಗಳನ್ನು ಗೋಡೆಯೊಳಗೆ ಕೊಳೆಸುತ್ತದೆ. ಹೊರಗೆ ನೋಡಿದರೆ ಮಾಳಿಗೆಯು ಕನ್ನಡಿಯಂತಿರುವುದು. ಅದೇ ಶಹಾಬಾದಿನ ಫರಸಿ ಕಲ್ಲನ್ನು ಹಾಸಿ ಸಂದುಗಳಿಗೆ ಗಚ್ಚು ತುಂಬಿದ ಸೂರುಗಳು ಇದಕ್ಕಿಂತ ಸುಖಿಗಳು. ಅವುಗಳಲ್ಲಿ ಸೋರುವುದು ಸಂದೇ ಆದ್ದರಿಂದ ಹುಡುಕುವ ಕಷ್ಟವಾದರೂ ಕಡಿಮೆ.

೨೦೨೦ರ ಅಕ್ಟೋಬರಿನಲ್ಲಿ ಚಿತ್ತಾ ಮಳೆಯು ಜಿಲ್ಲೆಯ ಮೇಲೆ ಸುರಿದು, ಉಜನಿಯ ಜಲಾಶಯದಿಂದ ಬಿಟ್ಟ ನೀರು ಸೊನ್ನದ ಬಾಂದಾರವನ್ನು ದಾಟಿ ಭೀಮೆಯು ಉಕ್ಕಿದಾಗ, ಅಫಜಲಪುರ ಜೇವರ್ಗಿ ತಾಲ್ಲೂಕುಗಳಲ್ಲಿ ನದಿಯು ಮುಟ್ಟಿದ ಊರುಗಳಲ್ಲಿಯೂ ಮುಟ್ಟದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಬಿದ್ದವು. ಮಳೆಗಾಲದಲ್ಲಿ ಅನೇಕ ಮಾಳಿಗೆಗಳ ಮೇಲೆ ಈಗ ತಾಡಪತ್ರಿಯನ್ನು ಹೊದಿಸಿ ಅಂಚಿಗೆ ಕಲ್ಲು ಹೇರಿರುವುದು ಕಾಣುತ್ತದೆ. ಕಲ್ಲಿನ ದೋಣಿಯ ಬಾಯಿಗೆ ಪ್ಲಾಸ್ಟಿಕ್ ಕೊಳವೆಯು ಸೇರಿದೆ. ಇವು ದೂಷಣೆಗೆ ಅರ್ಹವಲ್ಲ, ಒಂದೆರಡು ಮಳೆಗಾಲಗಳನ್ನು ಕಳೆಯಿಸುತ್ತವೆ. ಹೆಚ್ಚು ಬೇಗನೆ ಹಾಳಾಗುತ್ತಿರುವವು ಮನೆಯವರು ಸೊಲ್ಲಾಪುರಕ್ಕೋ ಪುಣೆಗೋ ಬೆಂಗಳೂರಿಗೋ ಹೋಗಿ ಬೀಗ ಹಾಕಿದ ಮನೆಗಳು. ಅಲ್ಲಿ ಮೊದಲ ಮಳೆಗೆ ಮುಂಚೆ ಮಾಳಿಗೆಯನ್ನೇರಿ ಹುಲ್ಲು ಕೀಳುವವರಿಲ್ಲ, ದೋಣಿಯ ಬಾಯಿಗೆ ಕೂತ ಕಸವನ್ನು ತೆಗೆಯುವವರಿಲ್ಲ. ಒಲೆಯ ಹೊಗೆಯು ಬೆಳಕಿಂಡಿಯ ಕಡೆಗೆ ಏರುತ್ತ ಜಂತಿಗಳನ್ನು ಹುಳುವಿನಿಂದ ಕಾಯುತ್ತಿದ್ದುದೂ ನಿಂತಿದೆ. ಅಂಥ ಮನೆಗಳಲ್ಲಿ ಮೊದಲು ಬೀಳುವುದು ಬೆಳಕಿಂಡಿಯ ಸುತ್ತಿನ ಅಂಕಣ. ಅಲ್ಲಿಂದ ಮುಂದಕ್ಕೆ ಒಂದೊಂದು ಮಳೆಗಾಲಕ್ಕೆ ಒಂದೊಂದು ಅಂಕಣದಂತೆ ಇಳಿಯುತ್ತ, ಕೊನೆಗೆ ಬೀದಿಯ ಕಡೆಯ ಬಾಗಿಲುವಾಡವೂ ಅದರ ಮೇಲಿನ ಕಲ್ಲಿನ ದೋಣಿಯೂ ಮಾತ್ರ ನಿಂತಿರುತ್ತವೆ.